ಅಪ್ಪನಿಗೆ ‘ಉಷ್ಣ’ ಅಂತ ಆರೇಳು ತಿಂಗಳು ಎಳನೀರು ಕುಡಿಸಿದೆವು

ಕಲ್ಪತರು_ಮಗ:

ಊಟಕ್ಕೆ ಕೂತವರು ಇದನ್ನ ಆಮೇಲೆ ಓದಿ. ನಾಚಿಕೆ ಬಿಟ್ಟು ಬರೀತಿದ್ದೀನಿ.

ಅಪ್ಪನಿಗೆ 61. ತಿಪಟೂರು ಹತ್ತಿರ ತೆಂಗಿನ ತೋಟ. ಹೋದ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಕಕ್ಕಸಿನಲ್ಲಿ ರಕ್ತ ಬಿತ್ತಂತೆ. ಹೇಳಿದ್ದು ಅಮ್ಮನ ಹತ್ತಿರ ಮಾತ್ರ, ಅದೂ ‘ಒಸಿ ಉಷ್ಣ ಆಗೈತೆ’ ಅಂತ. ಬೇಸಿಗೆ ಬೇರೆ. ಅಮ್ಮ ಮಜ್ಜಿಗೆಗೆ ಮೆಂತ್ಯ ಹಾಕಿ ಕೊಟ್ಟಳು, ದಿನಾ ಎರಡು ಎಳನೀರು. ಮಳೆ ಹಿಡಿಯಿತು, ಉಷ್ಣ ಬಿಡಲಿಲ್ಲ. ಆಮೇಲೆ ಅದಕ್ಕೆ ಮೂಲವ್ಯಾಧಿ ಅಂತ ಹೆಸರು ಬಿತ್ತು. ವಾರಕ್ಕೆರಡು ಸಲ ಸುವರ್ಣಗೆಡ್ಡೆ ಪಲ್ಯ, ಯಾರೋ ಹೇಳಿದ ಮುಟ್ಟಿದರೆ ಮುನಿ ಸೊಪ್ಪಿನ ರಸ, ‘ಆಪರೇಷನ್ ಇಲ್ಲದೆ ಗುಣ’ ಅಂತ ಬೋರ್ಡು ಹಾಕಿಕೊಂಡಿದ್ದ ಕ್ಲಿನಿಕ್ಕಿನಲ್ಲಿ ಮೂರು ಇಂಜೆಕ್ಷನ್ನು, ಮೆಡಿಕಲ್ ಸ್ಟೋರಿನವನು ಕೊಟ್ಟ ಮುಲಾಮು.

ನಾನಿರೋದು ಬೆಂಗಳೂರಲ್ಲಿ. ಗೊತ್ತಾಗಿದ್ದು ದೀಪಾವಳಿಗೆ ಹೋದಾಗ. ಅಪ್ಪನ ಬೆಲ್ಟಿನಲ್ಲಿ ಎರಡು ತೂತು ಹೊಸದಾಗಿದ್ದವು, ಮೊಳೆ ಕಾಯಿಸಿ ತಾವೇ ಚುಚ್ಚಿಕೊಂಡಿದ್ದರು. ಬೆಳಿಗ್ಗೆ ಕಾಫಿ ಕುಡಿಯೋದರೊಳಗೆ ನಾಲ್ಕು ಸಲ ಒಳಗೆ ಹೋಗಿ ಬಂದರು. ಕೇಳಿದರೆ ‘ಪೂರ್ತಿ ಆಗಲ್ಲ ಕಣಪ್ಪ, ಇನ್ನೂ ಐತೆ ಅನ್ಸುತ್ತೆ, ಹೋದ್ರೆ ಏನೂ ಇಲ್ಲ’ ಅಂದರು.

ತುಮಕೂರಿನಲ್ಲಿ ಒಬ್ಬರು ಸರ್ಜನ್ ಹತ್ತಿರ ಕರ್ಕೊಂಡು ಹೋದೆ. ಅವರು ಗ್ಲೌಸು ಹಾಕಿಕೊಂಡು ಬೆರಳಲ್ಲಿ ಪರೀಕ್ಷೆ ಮಾಡಿದರು. ಅರ್ಧ ನಿಮಿಷ ಹಿಡಿದಿರಬಹುದು. ಕೈ ತೊಳ್ಕೊಂಡು ಬಂದು, ‘ಇದಕ್ಕೆ ಮುಂಚೆ ಯಾರಾದ್ರೂ ಹಿಂಗೆ ನೋಡಿದ್ರಾ?’ ಅಂತ ಕೇಳಿದರು. ಆರೇಳು ತಿಂಗಳಲ್ಲಿ ನಾಲ್ಕು ಕಡೆ ತೋರಿಸಿದ್ದರು. ಒಬ್ಬರೂ ನೋಡಿರಲಿಲ್ಲ. ಗೆಡ್ಡೆ ಬೆರಳಿಗೆ ಸಿಗುವಷ್ಟು ಕೆಳಗೇ ಇತ್ತು. ಕೊಲೊನೋಸ್ಕೋಪಿ (ಪೈಪು ಹಾಕಿ ಕರುಳಿನ ಒಳಗೆ ನೋಡೋದು), ಬಯಾಪ್ಸಿ (ಗೆಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದು) ಎಲ್ಲ ಆಯಿತು: ಗುದನಾಳದ ಕ್ಯಾನ್ಸರ್. ಈಗ ರೇಡಿಯೇಷನ್ ಮತ್ತು ಮಾತ್ರೆ ನಡೀತಿದೆ, ಆಮೇಲೆ ಆಪರೇಷನ್.

ಎರಡು ಪ್ರಶ್ನೆ. ನಾವು ಯಾವ ಸೂಚನೆಗೆ ಎಚ್ಚೆತ್ತುಕೊಳ್ಳಬೇಕಿತ್ತು? ಎರಡನೇದು, ನನಗೆ 41. ನಾನೂ ಏನಾದರೂ ಮಾಡಿಸಬೇಕಾ?

ಗಿರ್ಮಿಟ್_ಪ್ಯಾಟಿ:

ಅಣ್ಣಾರ, ಓದಿ ಹೊಟ್ಟ್ಯಾಗ ಕಲಿಸಿಧಂಗಾತ್ರಿ. ನಮ್ಮ ಕಾಕಾಂದೂ ಇದ ಕಥಿ, ಖರೇ ಹೆಸರು ಬ್ಯಾರೆ. ನಿಮ್ಮಲ್ಲಿ ಉಷ್ಣ, ನಮ್ಮಲ್ಲಿ ಆಮಶಂಕಿ. ದಿನಕ್ಕ ಏಳೆಂಟ ಸಲ ಸಂಡಾಸಕ್ಕ ಹೋಗಾಂವ, ಬರೂದು ಬರೇ ಲೋಳಿ, ಒಮ್ಮೊಮ್ಮಿ ರಕ್ತದ ಎಳಿ. ಮೆಟ್ರೋನಿಡಜೋಲ್ ಗುಳಿಗಿ ಐದ ದಿನಾ ನುಂಗೂದು, ಒಂದಿಷ್ಟ ಆರಾಮ ಅನ್ನಸೂದು, ಮತ್ತ ಸುರು. ಹಿಂಗ ಆರ ಸಲ ಕೋರ್ಸ ಮುಗಿಸಿದಾ.

ಒಂದ ದಿನಾ ರಾತ್ರಿ ಹೊಟ್ಟಿ ಉಬ್ಬಿ ನಗಾರಿ ಆತು. ಗಾಳಿನೂ ಹೋಗವಲ್ತು, ಹಸರ ವಾಂತಿ. ಕರುಳ ಕಟ್ಟಿಬಿಟ್ಟಿತ್ತು. ರಾತ್ರೋರಾತ್ರಿ ಆಪರೇಷನ್ ಮಾಡಿ ಮಲಾ ಹೊರಗ ಬರಾಕ ಹೊಟ್ಟಿಗೆ ಚೀಲಾ ಇಟ್ಟರು. ಡಾಕ್ಟರು ಹೇಳಿದ್ದು ಏನಂದ್ರ, ‘ಅವಸರದಾಗ ಕೊಯ್ಯೂದಕ್ಕೂ ತಯಾರಿ ಮಾಡ್ಕೊಂಡು ಕೊಯ್ಯೂದಕ್ಕೂ ಭಾಳ ಫರಕ್ ಐತಿ.’ ಕಾಕಾ ಈಗಿಲ್ರೀ.

ಸೂಜಿದಾರ (ಸರ್ಜನ್):

ಹದಿನಾರು ವರ್ಷದಿಂದ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಕೂತು ಯಾರಿಗೂ ರೋಗ ಹೇಳುವುದಿಲ್ಲ, ಆದರೆ @ಕಲ್ಪತರು_ಮಗ ಕೇಳಿದ್ದಕ್ಕೆ ಉತ್ತರ ಕೊಡಬಲ್ಲೆ.

ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಗೆಡ್ಡೆ ಅದರ ಯಾವ ಭಾಗದಲ್ಲಿ ಬೆಳೆದಿದೆ ಅನ್ನುವುದರ ಮೇಲೆ ಸೂಚನೆ ಬೇರೆ. ಬಲಗಡೆ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರುನೀರಾಗಿರುತ್ತದೆ. ಗೆಡ್ಡೆ ಸಾಕಷ್ಟು ದೊಡ್ಡದಾದರೂ ದಾರಿ ಕಟ್ಟುವುದಿಲ್ಲ, ಕಣ್ಣಿಗೆ ಕಾಣದ ಹಾಗೆ ದಿನಾ ಚೂರುಚೂರು ರಕ್ತ ಸೋರುತ್ತದೆ. ರೋಗಿ ಬರುವುದು ಹೊಟ್ಟೆ ದೂರು ಹೇಳಿಕೊಂಡಲ್ಲ, ‘ಮೆಟ್ಟಿಲು ಹತ್ತಿದರೆ ಏದುಸಿರು’ ಅಂತ. ಎಡಗಡೆ ಕರುಳು ಕಿರಿದು, ಮಲ ಗಟ್ಟಿ. ಅಲ್ಲಿ ಗೆಡ್ಡೆ ಬಂದರೆ ಹೊಟ್ಟೆಯ ಅಭ್ಯಾಸ ಬದಲಾಗುತ್ತದೆ: ನಲವತ್ತು ವರ್ಷ ಗಡಿಯಾರದ ಹಾಗೆ ಹೋಗುತ್ತಿದ್ದವರಿಗೆ ಮೂರು ದಿನ ಕಟ್ಟುತ್ತದೆ, ನಾಲ್ಕನೇ ದಿನ ಭೇದಿ. ಮಲ ಸಪೂರ ಆಗಬಹುದು, ಹೊಟ್ಟೆ ನುಲಿಯಬಹುದು. ಇನ್ನು ಕೊನೆಯ ಒಂದು ಗೇಣು, ಅಂದರೆ ಗುದನಾಳ. ಅಲ್ಲಿಯದಾದರೆ ರಕ್ತ, ಲೋಳೆ, ಮತ್ತೆ ನಿಮ್ಮ ತಂದೆ ಹೇಳಿದರಲ್ಲ, ‘ಇನ್ನೂ ಇದೆ ಅನ್ನಿಸುತ್ತದೆ, ಹೋದರೆ ಏನೂ ಇಲ್ಲ’. ಆ ವಾಕ್ಯ ಕೇಳಿದ ವೈದ್ಯರು ಕುರ್ಚಿಯಿಂದ ಏಳಲೇಬೇಕು. ಒಳಗೆ ಕೂತ ಗೆಡ್ಡೆಯನ್ನೇ ಶರೀರ ಮಲ ಅಂದುಕೊಂಡು ತಳ್ಳಲು ನೋಡುತ್ತಿರುತ್ತದೆ.

ನಮ್ಮ ದೇಶದಲ್ಲಿ ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಗುದನಾಳದ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ಬೆರಳಿಗೆ ಸಿಗುವ ಗೆಡ್ಡೆಗಳು ಅದರಲ್ಲಿ ಸಾಕಷ್ಟಿವೆ. ಒಂದು ಜೊತೆ ಗ್ಲೌಸು, ಒಂದಿಷ್ಟು ಜೆಲ್ಲಿ, ಒಂದು ನಿಮಿಷ. ಇದನ್ನು ಮಾಡದೆ ಪೈಲ್ಸ್ ಅಂತ ಚೀಟಿ ಬರೆಯುವುದು ನಮ್ಮ ವೃತ್ತಿಯವರ ತಪ್ಪು, ರೋಗಿಯದಲ್ಲ. ಹಾಗಂತ ರೋಗಿಗಳೂ ಕಡಿಮೆಯಿಲ್ಲ. ‘ಅದೆಲ್ಲ ಬೇಡ ಡಾಕ್ಟ್ರೇ, ಮಾತ್ರೆ ಬರ್ಕೊಡಿ’ ಅಂತ ಪಂಚೆ ಬಿಗಿ ಹಿಡಿದು ಕೂತವರನ್ನು ವಾರಕ್ಕೆ ನಾಲ್ಕು ಜನ ನೋಡುತ್ತೇನೆ.

ಸೊಪ್ಪಿನ_ಹಿತ್ತಲು:

ಎಲ್ಲರನ್ನೂ ಹೆದರಿಸಬೇಡಿ ಸ್ವಾಮಿ. ನನಗೆ ಹನ್ನೆರಡು ವರ್ಷದಿಂದ ಮೂಲವ್ಯಾಧಿ ಇದೆ. ಖಾರ ಬಿಟ್ಟೆ, ಸುವರ್ಣಗೆಡ್ಡೆ ಮಜ್ಜಿಗೆ ಹಿಡಿದೆ, ಆರಾಮಾಗಿದ್ದೇನೆ. ರಕ್ತ ಕಂಡವರಿಗೆಲ್ಲ ಪೈಪು ಹಾಕುತ್ತಾ ಹೋದರೆ ಉದ್ಧಾರ ಆಗೋದು ಆಸ್ಪತ್ರೆ ಮಾತ್ರ.

ಸೂಜಿದಾರ (ಸರ್ಜನ್):

@ಸೊಪ್ಪಿನ_ಹಿತ್ತಲು ಅವರ ಮಾತಿನಲ್ಲಿ ಅರ್ಧ ಸರಿ. ರಕ್ತ ಹೋಗುವವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿ ಅಥವಾ ಗುದದ ಬಿರುಕೇ. ಇಪ್ಪತ್ತೈದರ ಹುಡುಗ, ಮಲ ಗಟ್ಟಿ, ಹೋಗುವಾಗ ಬ್ಲೇಡಿನಲ್ಲಿ ಕೊಯ್ದ ಹಾಗೆ ಉರಿ, ಕೊನೆಗೆ ನಾಲ್ಕು ಹನಿ ಕೆಂಪು ರಕ್ತ: ಅವನಿಗೆ ನಾನು ಕೊಲೊನೋಸ್ಕೋಪಿ ಬರೆಯುವುದಿಲ್ಲ. ನೋಡಿ, ಔಷಧಿ ಕೊಟ್ಟು, ಕೆಲವು ವಾರ ಬಿಟ್ಟು ಬಾ ಅನ್ನುತ್ತೇನೆ. ಬಂದಾಗಲೂ ರಕ್ತ ಇದ್ದರೆ ಮುಂದಿನ ಮಾತು.

ತೊಂದರೆ ಎಲ್ಲಿ ಅಂದರೆ, ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರಬಾರದು ಅಂತ ನಿಯಮವಿಲ್ಲ. ಎರಡೂ ಒಟ್ಟಿಗೆ ಇರಬಹುದು. ಹನ್ನೆರಡು ವರ್ಷದ ರೂಢಿ ಇರುವವರಿಗೇ ಹೊಸ ರಕ್ತ ಹಳೆಯದರ ಹಾಗೆ ಕಾಣುವುದು. ನಿಮ್ಮ ವಯಸ್ಸು ಎಷ್ಟು? ಕೊನೆಯ ಸಲ ಯಾರಾದರೂ ಒಳಗೆ ನೋಡಿದ್ದು ಯಾವಾಗ?

ಸೊಪ್ಪಿನ_ಹಿತ್ತಲು:

54. ನೋಡಿಲ್ಲ.

ಸ್ಲೈಡ್_ರಂಗ:

ನಾನು ಲ್ಯಾಬ್ ಟೆಕ್ನೀಷಿಯನ್. ಬಲಗಡೆ ಗೆಡ್ಡೆ ಬಗ್ಗೆ ಮೇಡಂ ಹೇಳಿದ್ದಕ್ಕೆ ನನ್ನ ಟೇಬಲ್ಲಿನಿಂದ ಒಂದು ಮಾತು. ಐವತ್ತೈದು ಅರವತ್ತರ ಗಂಡಸರ ರಿಪೋರ್ಟು ಬರುತ್ತೆ, ಹಿಮೋಗ್ಲೋಬಿನ್ 7 ಚಿಲ್ಲರೆ, ಕೆಂಪು ರಕ್ತಕಣ ಸಣ್ಣ ಸಣ್ಣಗೆ, ಮಧ್ಯದಲ್ಲಿ ಬಿಳುಚಿಕೊಂಡಿರುತ್ತವೆ. ಕಬ್ಬಿಣದ ಕೊರತೆ ಅಂತ ಸ್ಲೈಡೇ ಹೇಳುತ್ತೆ. ರೋಗಿ ರಿಪೋರ್ಟು ಹಿಡ್ಕೊಂಡು ಹೋಗ್ತಾನೆ, ಟಾನಿಕ್ ಬಾಟ್ಲಿ ಹಿಡ್ಕೊಂಡು ಬರ್ತಾನೆ. ಮೂರು ತಿಂಗಳಿಗೆ 9 ಆಗುತ್ತೆ, ಎಲ್ಲರಿಗೂ ಖುಷಿ. ಟಾನಿಕ್ ನಿಲ್ಲಿಸಿದರೆ ಮತ್ತೆ 7.

ಹೆಂಗಸರಿಗಾದರೆ ಮುಟ್ಟು, ಹೆರಿಗೆ ಅಂತ ಕಾರಣ ಸಿಗುತ್ತೆ. ಗಂಡಸಿನ ರಕ್ತ ಎಲ್ಲಿ ಹೋಯ್ತು? ಮುಟ್ಟು ನಿಂತ ಹೆಂಗಸಿನದು ಎಲ್ಲಿ ಹೋಯ್ತು? ಹೊಟ್ಟೆಯಲ್ಲಿ ಎಲ್ಲೋ ಸೋರಿರಬೇಕು ಅಲ್ವಾ. ಹುಣ್ಣಿರಬಹುದು, ಕೊಕ್ಕೆಹುಳ ಇರಬಹುದು, ಗೆಡ್ಡೆಯೂ ಇರಬಹುದು. ತೊಟ್ಟಿ ಸೋರ್ತಿರುವಾಗ ಮೇಲಿಂದ ನೀರು ಹಾಕ್ತಾ ಕೂತಂಗೆ ಇದು.

ಇನ್ನೊಂದು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತೆ, ಬೀಟ್‌ರೂಟ್ ತಿಂದ ಮಾರನೇ ದಿನ ಕೆಂಪಾಗುತ್ತೆ. ಮನೆಯಲ್ಲಿ ಬೀಟ್‌ರೂಟ್ ಪಲ್ಯ ಮಾಡಿದ ಮಾರನೇ ಬೆಳಿಗ್ಗೆ ನನಗೇ ಫೋನು ಬರುತ್ತೆ, ಭಾವಮೈದನದು!

ತೊಟ್ಟಿಲು_ಮತ್ತು_ಲ್ಯಾಪ್‌ಟಾಪ್:

ಇಷ್ಟು ದಿನ ಓದಿ ಸುಮ್ಮನೆ ಹೋಗ್ತಿದ್ದೆ. ನನಗೆ 34 ಇದ್ದಾಗ ಬಂತು. ಇದು ಅಪ್ಪಂದಿರ ಕಾಯಿಲೆ ಅಂದುಕೊಂಡು ಈ ಚರ್ಚೆ ಓದ್ತಿರೋರಿಗೋಸ್ಕರ ಬರೀತಿದ್ದೀನಿ.

ಮಗು ಆಗಿ ಐದು ತಿಂಗಳಿಗೆ ರಕ್ತ ಶುರುವಾಯ್ತು. ಹೆರಿಗೆ ಆದಮೇಲೆ ಪೈಲ್ಸ್ ಸಹಜ ಅಂದರು. ಸುಸ್ತು ಅಂದೆ, ಬಾಣಂತಿಗೆ ಸುಸ್ತು ಸಹಜ. ತೂಕ ಇಳೀತಿದೆ ಅಂದೆ, ಹಾಲು ಕುಡಿಸ್ತೀರಲ್ಲ ಅಂದರು, ನೆಂಟರಂತೂ ಹೊಗಳಿದರು. ಎಲ್ಲಕ್ಕೂ ಒಂದೊಂದು ಕಾರಣ ಸಿಗ್ತಿತ್ತು, ಅದೇ ತೊಂದರೆಯಾಗಿದ್ದು. ಎಲ್ಲ ಸೇರಿಸಿ ನೋಡಿದೋಳು ನನ್ನ ಅತ್ತೆ. ‘ಇವಳು ರಾತ್ರಿ ನಿದ್ದೆಯಿಂದ ಎದ್ದು ಟಾಯ್ಲೆಟ್ಟಿಗೆ ಹೋಗ್ತಾಳೆ ಡಾಕ್ಟ್ರೇ, ಮಗು ಎಬ್ಬಿಸಿದ್ದಕ್ಕಲ್ಲ’ ಅಂತ ಹೇಳಿದ್ದೇ ಅವರು. ಟೆನ್ಷನ್ನಿಗೆ ಕೆಡುವ ಹೊಟ್ಟೆ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸಲ್ಲವಂತೆ. ಆ ಒಂದು ಮಾತಿಗೆ ಕೊಲೊನೋಸ್ಕೋಪಿ ಬರೆದರು.

ಕೊಲೊನೋಸ್ಕೋಪಿ ಅಂದರೆ ಹೆದರೋರಿಗೆ: ಪರೀಕ್ಷೆ ಏನೂ ಅಲ್ಲ, ಹಿಂದಿನ ದಿನವೇ ಎಲ್ಲ ಇರೋದು. ಪುಡಿ ಕೊಡ್ತಾರೆ, ಎರಡು ಲೀಟರ್ ನೀರಲ್ಲಿ ಕಲಸಿ ಕಾಲು ಗಂಟೆಗೊಂದು ಲೋಟ. ನಿಂಬೆರುಚಿ ಅಂತ ಬರೆದಿರುತ್ತೆ, ಪಾತ್ರೆ ಸೋಪಿಗೆ ಉಪ್ಪು ಹಾಕಿದ ರುಚಿ. ಸ್ಟ್ರಾದಲ್ಲಿ ಕುಡೀರಿ, ತಣ್ಣಗೆ ಕುಡೀರಿ. ಹಾಲು ಮಜ್ಜಿಗೆ ಇಲ್ಲ, ತಿಳಿ ಎಳನೀರು ಸೋಸಿ ಕುಡೀಬಹುದು ಅಂದಿದ್ದರು. ಹೊಟ್ಟೆಯಿಂದ ಬರೀ ತಿಳಿ ಹಳದಿ ನೀರು ಬರೋವರೆಗೂ ಬಾಗಿಲ ಪಕ್ಕದಲ್ಲೇ ವಾಸ. ಮಾರನೇ ದಿನ ಮಂಪರಿನ ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆ ಎಲ್ಲಿ ಹೋಯ್ತೋ ಗೊತ್ತಿಲ್ಲ.

ಕ್ಯಾನ್ಸರ್ ಮೂರನೇ ಹಂತದಲ್ಲಿತ್ತು. ಆಪರೇಷನ್, ಆಮೇಲೆ ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಡ್ರಿಪ್ಪು. ಅದು ಹೋಗಿ ವಾರದವರೆಗೆ ತಣ್ಣನೆಯದು ಮುಟ್ಟೋ ಹಾಗಿಲ್ಲ. ಒಂದು ದಿನ ಮರೆತು ಫ್ರಿಜ್ಜಿನಿಂದ ದೋಸೆಹಿಟ್ಟಿನ ಡಬ್ಬಿ ತೆಗೆದೆ, ಬೆರಳಿಗೆ ಕರೆಂಟು ಹೊಡೆದಂಗಾಗಿ ಡಬ್ಬಿ ಬಿಟ್ಟೆ. ನೆಲದ ತುಂಬ ಹಿಟ್ಟು. ಮಗಳು ಅದರಲ್ಲಿ ಅಂಗೈ ಒತ್ತಿ ಆಡ್ತಿದ್ದಳು. ನಾನು ಅತ್ತಿದ್ದು ಕಾಯಿಲೆಗಲ್ಲ, ಹಿಟ್ಟಿಗೆ. ಈಗ ನಾಲ್ಕು ವರ್ಷ ಆಯ್ತು, ಸ್ಕ್ಯಾನು ಸ್ವಚ್ಛ.

ಎಡಿಸನ್_ಕನ್ನಡಿಗ:

ನಮ್ಮ ನ್ಯೂಜೆರ್ಸಿ ಕಡೆಯಿಂದ ಒಂದಷ್ಟು. ಇಲ್ಲಿ ಲಕ್ಷಣ ಇರಲಿ ಬಿಡಲಿ, 45 ತುಂಬಿದರೆ ಪರೀಕ್ಷೆ ಮಾಡಿಸಿ ಅಂತ ಡಾಕ್ಟರೇ ಬೆನ್ನು ಹತ್ತುತ್ತಾರೆ. ಮೊದಲು 50 ಇತ್ತು, 2021ರಲ್ಲಿ ಸರ್ಕಾರದ ತಜ್ಞರ ಸಮಿತಿ 45ಕ್ಕೆ ಇಳಿಸಿತು. ಕಾರಣ, ಚಿಕ್ಕ ವಯಸ್ಸಿನವರಲ್ಲಿ ಏರುತ್ತಿರುವುದು. ಬ್ಲ್ಯಾಕ್ ಪ್ಯಾಂಥರ್ ಆಗಿ ನಟಿಸಿದ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ತೀರಿಕೊಂಡಾಗ 43. ನಾಲ್ಕು ವರ್ಷ ಯಾರಿಗೂ ಹೇಳದೆ ಶೂಟಿಂಗ್ ಮಾಡಿದ್ದರು. ಅದಕ್ಕೂ ಹಿಂದೆ ಕೇಟಿ ಕೂರಿಕ್ ಅಂತ ಟೀವಿ ನಿರೂಪಕಿ, ಗಂಡ ಇದೇ ಕಾಯಿಲೆಗೆ 42ಕ್ಕೇ ಹೋಗಿದ್ದ. 2000ದಲ್ಲಿ ಆಕೆ ತನ್ನ ಕೊಲೊನೋಸ್ಕೋಪಿಯನ್ನೇ ಟೀವಿಯಲ್ಲಿ ತೋರಿಸಿದಳು, ಆಮೇಲೆ ದೇಶದಲ್ಲಿ ಪರೀಕ್ಷೆ ಮಾಡಿಸುವವರ ಸಂಖ್ಯೆ ಏರಿತು. ನಮ್ಮ ಕನ್ನಡದ ಯಾವ ತಾರೆ ಹೀಗೆ ಮಾಡುತ್ತಾರೆ ಅಂತ ಯೋಚಿಸಿ ನಗು ಬಂತು, ಆಮೇಲೆ ನಗು ಬರಲಿಲ್ಲ.

ಊರಲ್ಲಿ ಹೀಗೆ ಕರೆದು ಪರೀಕ್ಷಿಸುವ ಸರ್ಕಾರಿ ಕಾರ್ಯಕ್ರಮ ಇದೆಯಾ?

ಸೂಜಿದಾರ (ಸರ್ಜನ್):

ಇದಕ್ಕೆ ಇಲ್ಲ. ಕೇಂದ್ರದ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರಿನ ತಪಾಸಣೆ ಇದೆ. ದೊಡ್ಡಕರುಳು ಅದರಲ್ಲಿ ಸೇರಿಲ್ಲ. ಹಾಗಾಗಿ ನಮ್ಮಲ್ಲಿ ಸೂಚನೆ ಗುರುತಿಸುವುದರ ಮೇಲೇ ಎಲ್ಲ ನಿಂತಿದೆ. ಸೂಚನೆ ಕಾಣುವ ಹೊತ್ತಿಗೆ ಕಾಯಿಲೆ ಮೊದಲ ಮೆಟ್ಟಿಲು ದಾಟಿರುವುದೂ ಉಂಟು ಅನ್ನುವುದು ಕಹಿಯಾದರೂ ನಿಜ.

@ಕಲ್ಪತರು_ಮಗ, ನಿಮ್ಮ ಎರಡನೇ ಪ್ರಶ್ನೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ನಿಮ್ಮ ಲೆಕ್ಕದಲ್ಲಿ 40 ಮೊದಲು. ಒಂದು ವರ್ಷ ತಡ ಆಗಿದೆ. @ತೊಟ್ಟಿಲು_ಮತ್ತು_ಲ್ಯಾಪ್‌ಟಾಪ್ ಅವರ ಅಣ್ಣತಮ್ಮಂದಿರಿಗಾದರೆ ಇಪ್ಪತ್ತನಾಲ್ಕು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಬಂದಾಗ ಲಿಂಚ್ ಸಿಂಡ್ರೋಮ್ ತರಹದ ವಂಶವಾಹಿ ದೋಷ ಇದೆಯಾ ಅಂತಲೂ ನೋಡುತ್ತಾರೆ. ಆ ದೋಷ ಇರುವ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಇರುತ್ತದೆ.

ಲಕ್ಷಣ ಇಲ್ಲದವರು ಯಾಕೆ ಮಾಡಿಸಬೇಕು ಅಂದರೆ, ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಅನ್ನುವ ಅಣಬೆಯಂಥ ಮೊಳಕೆಯಿಂದ ಬೆಳೆಯುತ್ತದೆ. ಮೊಳಕೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ತಂತಿ ಕುಣಿಕೆ ಹಾಕಿ ಅಲ್ಲೇ ತೆಗೆದುಬಿಡಬಹುದು.

ಕೊಡಿಯಾಲ_ಬೈಲು:

ಮಲದ ಪರೀಕ್ಷೆ ಮಾಡಿದ್ರೆ ಸಾಕು, ಪೈಪು ಬೇಡ ಅಂತ ಒಂದು ಮೆಸೇಜು ಬಂದಿದೆ ಮಾರಾಯ್ರೆ. ಹೌದಾ? ಇನ್ನೊಂದು, ಮಾಂಸ ತಿಂದ್ರೆ ಬರ್ತದೆ ಅಂತ ಹೇಳ್ತಾರಲ್ಲ, ನಮ್ಮ ಮೀನೂ ಅದರಲ್ಲಿ ಬರ್ತದಾ?

ಸ್ಲೈಡ್_ರಂಗ:

ಮಲದಲ್ಲಿ ಅಡಗಿದ ರಕ್ತ ನೋಡೋ ಪರೀಕ್ಷೆ ಮುಖ್ಯವಾಗಿ ಲಕ್ಷಣ ಇಲ್ಲದವರನ್ನ ಜಾಲಿಸೋಕೆ. ಹಳೇ ವಿಧಾನಕ್ಕೆ ಮಾಂಸ ತಿಂದರೂ ಪಾಸಿಟಿವ್ ಬರ್ತಿತ್ತು, ಈಗಿನ ಫಿಟ್ ಪರೀಕ್ಷೆ ಮನುಷ್ಯರ ರಕ್ತವನ್ನ ಮಾತ್ರ ಹಿಡಿಯುತ್ತೆ. ಕಣ್ಣಿಗೇ ರಕ್ತ ಕಾಣ್ತಿದ್ದರೆ ಅದನ್ನ ಮಾಡಿಸಿ ಏನು ಸಾಬೀತು ಮಾಡ್ತೀರಿ? ನೇರ ಡಾಕ್ಟರ ಹತ್ತಿರ ಹೋಗಿ. ಸಿಇಎ ಅಂತ ರಕ್ತ ಪರೀಕ್ಷೆಯನ್ನೂ ಪ್ಯಾಕೇಜಿನಲ್ಲಿ ಸೇರಿಸಿ ಮಾರ್ತಾರೆ. ಅದು ಕಾಯಿಲೆ ಗೊತ್ತಾದ ಮೇಲೆ ಹಿಂಬಾಲಿಸೋಕೆ, ಕಂಡುಹಿಡಿಯೋಕಲ್ಲ. ನಾರ್ಮಲ್ ಬಂತು ಅಂತ ನೆಮ್ಮದಿಯಾಗಿ ಮಲಗಬೇಡಿ.

ಮಾಂಸದ್ದು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿ ಹೇಳಿದ್ದು ಸಾಸೇಜು, ಬೇಕನ್ ತರದ ಸಂಸ್ಕರಿಸಿದ ಮಾಂಸದ ಬಗ್ಗೆ. ಕುರಿ, ದನ, ಹಂದಿ ಮಾಂಸ ‘ಬಹುಶಃ’ ಅನ್ನೋ ಪಟ್ಟಿಯಲ್ಲಿದೆ. ಬಂಗುಡೆ ಅದರಲ್ಲಿಲ್ಲ, ತಿನ್ನಿ. ನಮ್ಮಪ್ಪ ಶುದ್ಧ ಸಸ್ಯಾಹಾರಿ ಅಂತ ಧೈರ್ಯವಾಗಿ ಇರೋರಿಗೆ, ಸಸ್ಯಾಹಾರಿಗಳ ಬಯಾಪ್ಸಿಯೂ ನಮ್ಮ ಟೇಬಲ್ಲಿಗೆ ಬರುತ್ತೆ.

ಗಿರ್ಮಿಟ್_ಪ್ಯಾಟಿ:

ರೊಕ್ಕದ ಮಾತೂ ಬರೀರಿ ಯಾರರ. ಹಳ್ಳ್ಯಾಗ ‘ಕ್ಯಾನ್ಸರ್ ಅಂದ್ರ ಹೊಲಾ ಮಾರಬೇಕು’ ಅಂತ ಹೆದರಿ ಮಂದಿ ಪರೀಕ್ಷಾನ ಮಾಡಸೂದಿಲ್ಲ. ಬಿಪಿಎಲ್ ಕಾರ್ಡ್ ಇದ್ದವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಒಂದ ಮನಿತನಕ್ಕ ವರ್ಷಕ್ಕ 5 ಲಕ್ಷದ ತನಕಾ ಐತಿ. ಮದಲ ಸರ್ಕಾರಿ ದವಾಖಾನ್ಯಾಗ ತೋರಿಸಿ ಚೀಟಿ ತಗೋಬೇಕು. ಬೆಂಗಳೂರ ಕಿದ್ವಾಯಿ ಕ್ಯಾನ್ಸರ್ ದವಾಖಾನಿ ಅಂತೂ ಐತೆಲ್ಲಾ, ಬೆಳಿಗ್ಗೆ ಲಗೂನ ಹೋಗಿ ಪಾಳಿ ಹಚ್ಚರಿ.

ಕಲ್ಪತರು_ಮಗ:

ಕೆಲವು ತಿಂಗಳು ಆದಮೇಲೆ ಬರೀತಿದ್ದೀನಿ, ತಡಕ್ಕೆ ಕ್ಷಮೆ ಇರಲಿ.

ನನ್ನದು ಮಾಡಿಸಿದೆ. ಆ ಪುಡಿಯ ರುಚಿ ಬಗ್ಗೆ @ತೊಟ್ಟಿಲು_ಮತ್ತು_ಲ್ಯಾಪ್‌ಟಾಪ್ ಸುಳ್ಳು ಹೇಳಿಲ್ಲ. ಎರಡು ಪಾಲಿಪ್ ಸಿಕ್ಕಿದವು, ದೊಡ್ಡದು 8 ಮಿಲಿಮೀಟರ್. ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಆಗಬಹುದಾದ ಜಾತಿಯದು ಅಂದರು. ನನಗೆ ಒಂದೇ ಒಂದು ಲಕ್ಷಣವೂ ಇರಲಿಲ್ಲ. ತಂಗಿಗೆ 39, ಅವಳದು ಮುಂದಿನ ತಿಂಗಳು.

ಅಪ್ಪನ ಆಪರೇಷನ್ ಆಯಿತು. ಕೆಳಗಿನ ಜೋಡಣೆ ಮಾಯೋ ತನಕ ಅಂತ ಹೊಟ್ಟೆಗೆ ಚೀಲ ಹಾಕಿದ್ದಾರೆ. ಮೊದಲ ವಾರ ಅದನ್ನ ನೋಡೋದಕ್ಕೂ ಒಪ್ಪಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿರೋರು. ಅಮ್ಮನೇ ಖಾಲಿ ಮಾಡೋದು ಕಲಿತಳು, ಕರ ಹಾಲು ಕುಡಿದಾಗ ತೊಳೀತೀವಲ್ಲ ಹಂಗೇ ಅಂದುಬಿಟ್ಟಳು. ಈಗ ಅಪ್ಪನೇ ಮಾಡ್ಕೋತಾರೆ.

ಮೊನ್ನೆ ಕೊಬ್ಬರಿ ಹರಾಜಿಗೆ ಎಪಿಎಂಸಿಗೆ ಹೋಗಿದ್ದೆವು. ಅಪ್ಪ ಬಂದಿದ್ದು ರೇಟು ಕೇಳೋಕೆ. ಹಳೇ ಗೆಳೆಯರೊಬ್ಬರು ಮೂಟೆ ಮೇಲೆ ಕೂತಿದ್ದೋರು ಏಳುವಾಗ ಸೊಂಟ ಹಿಡ್ಕೊಂಡು ‘ಥೂ, ಈ ಮೂಲವ್ಯಾಧಿ’ ಅಂದರು. ಅಪ್ಪ ಅಷ್ಟು ಜನದ ಮಧ್ಯೆ, ಅಷ್ಟು ಜೋರಾಗಿ, ‘ಬೆರಳು ಹಾಕಿ ನೋಡಿದ್ರೇನ್ಲಾ?’ ಅಂತ ಕೇಳಿದರು. ಹರಾಜು ಕೂಗ್ತಿದ್ದವನೂ ಒಂದು ಗಳಿಗೆ ನಿಲ್ಲಿಸಿದ.

ಸೂಜಿದಾರ (ಸರ್ಜನ್):

ನಿಮ್ಮ ತಂದೆಯನ್ನು ನಮ್ಮ ಒಪಿಡಿಗೆ ಕಳಿಸಿ, ಸಂಬಳ ಕೊಡುತ್ತೇನೆ.

ಗಿರ್ಮಿಟ್_ಪ್ಯಾಟಿ:

ಆ ಗೆಳೆಯಾ ಹೋದ್ನೋ ಇಲ್ಲೋ?

ಕಲ್ಪತರು_ಮಗ:

ಹೋಗಿದ್ದಾರೆ. ಅವರದು ನಿಜವಾಗಲೂ ಮೂಲವ್ಯಾಧಿಯೇ. ಈಗ ಅಪ್ಪನ ಜೊತೆ ಮಾತು ಬಿಟ್ಟಿದ್ದಾರೆ.

ಸೊಪ್ಪಿನ_ಹಿತ್ತಲು:

ಡಾಕ್ಟರಮ್ಮ ಕೇಳಿದ್ದಕ್ಕೆ ಉತ್ತರ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅಂತ ಟೋಕನ್ ತಗೊಂಡಿದ್ದೇನೆ. ಮಜ್ಜಿಗೆ ಬಿಡೋದಿಲ್ಲ.